ಹಿಂಗಾರಿ ಜೋಳದ ಸಸಿ: ಎರಡನೇ ಬೇರು ಇಳಿಯುವವರೆಗೆ

ನಮ್ಮದು ವಿಜಯಪುರ ಜಿಲ್ಲೆಯ ಡೋಣಿ ಹೊಳೆಯ ಸೀಮೆಯ ಎರೆ ಹೊಲ, ಅಂದರೆ ಕಪ್ಪು ಮಣ್ಣು. ನೀರಾವರಿ ಇಲ್ಲ. ಮಳೆಗಾಲದಲ್ಲಿ ನೆಲ ಎಷ್ಟು ನೀರು ಕುಡಿದಿರುತ್ತದೋ ಅಷ್ಟರ ಮೇಲೆಯೇ ಹಿಂಗಾರಿ ಬಿಳಿ ಜೋಳ ಬೆಳೆಯಬೇಕು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಅನ್ನುವ ಮಾತು ಈ ಕಡೆ ಇದೆ. ಆದರೆ ನೆಲದಲ್ಲಿ ಹಸಿ ಇದ್ದೂ ಸಸಿ ಸೊರಗುವುದನ್ನು ಎಷ್ಟೋ ಹೊಲಗಳಲ್ಲಿ ನೋಡುತ್ತೇವೆ. ಬಿತ್ತಿದ ವಾರಕ್ಕೆ ಸಾಲುಗಳು ಚೆಂದ ಕಾಣುತ್ತವೆ. ತಿಂಗಳು ತುಂಬುವಷ್ಟರಲ್ಲಿ ಸಸಿ ಬಿಳಿಚಿಕೊಂಡು ಗಾಳಿಗೆ ವಾಲಾಡುತ್ತದೆ. ಮೇಲಿಂದ ನೋಡಿದರೆ ಇದರ ಕಾರಣ ತಿಳಿಯುವುದಿಲ್ಲ. ಬೇರು ನೋಡಬೇಕು.

ನಾನು ಪ್ರತಿ ವರ್ಷ ಒಂದಷ್ಟು ಸಸಿ ಅಗೆದು ನೋಡುತ್ತೇನೆ. ಕೀಳಬಾರದು, ಕಿತ್ತರೆ ನೋಡಬೇಕಾದದ್ದೇ ಹರಿದುಹೋಗುತ್ತದೆ. ಕುರ್ಪಿಯಿಂದ ಸುತ್ತ ಮಣ್ಣು ಸರಿಸಿ ಮೆಲ್ಲಗೆ ಎತ್ತಬೇಕು. ತಳದಲ್ಲಿ ಬಿತ್ತಿದ ಕಾಳಿನ ಸಿಪ್ಪೆ ಇನ್ನೂ ಅಂಟಿಕೊಂಡಿರುತ್ತದೆ. ಅದರಿಂದ ಕೆಳಗೆ ಒಂದೇ ಒಂದು ಬೇರು ಇಳಿದಿರುತ್ತದೆ. ಮೆಕ್ಕೆಜೋಳದ ಕಾಳಿನಿಂದ ಮೊದಲಿಗೇ ಹಲವು ಬೇರು ಬರುತ್ತವೆ, ಜೋಳಕ್ಕೆ ಆ ಭಾಗ್ಯ ಇಲ್ಲ. ಕಾಳಿನಿಂದ ಮೇಲಕ್ಕೆ ಬಿಳಿ ದಾರದಂಥ ಒಂದು ಎಳೆ. ವಿಜ್ಞಾನಿಗಳು ಅದನ್ನು ಮೀಸೊಕಾಟಿಲ್ ಅನ್ನುತ್ತಾರೆ. ಆ ಎಳೆ ನೆಲಮಟ್ಟಕ್ಕಿಂತ ಸುಮಾರು ಒಂದು ಇಂಚು ಕೆಳಗೆ ಒಂದು ಸಣ್ಣ ಗಂಟಿನಲ್ಲಿ ಮುಗಿಯುತ್ತದೆ.

ಕಾಳನ್ನು ಎರಡು ಇಂಚು ಆಳಕ್ಕೆ ಹಾಕಿ, ಮೂರು ಇಂಚಿಗೆ ಹಾಕಿ, ಗಂಟು ಮಾತ್ರ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಕೂರುತ್ತದೆ. ಉದ್ದವಾಗುವುದು ಆ ಬಿಳಿ ಎಳೆ. ಮೊಳಕೆಯ ತುದಿಗೆ ಬೆಳಕು ಸೋಕಿದ ಕೂಡಲೇ ಎಳೆಯ ಬೆಳವಣಿಗೆ ನಿಲ್ಲುತ್ತದೆ, ಮೊಳಕೆಯ ಕವಚ ಸೀಳಿ ಮೊದಲ ಎಲೆ ಹೊರಬರುತ್ತದೆ. ಮುಂದೆ ಇಡೀ ಗಿಡವನ್ನು ಹೊತ್ತು ನಿಲ್ಲುವ ಬೇರುಗಳು ಹೊರಡುವುದು ಈ ಗಂಟಿನಿಂದ ಮತ್ತು ಅದರ ಮೇಲಿನ ಗಂಟುಗಳಿಂದ. ಅವು ಚಿಗುರಿ ಇಳಿಯಬೇಕಾದರೆ ಆ ಜಾಗದಲ್ಲೇ ಹಸಿ ಇರಬೇಕು. ಹಿಂಗಾರಿಯಲ್ಲಿ ಎಲ್ಲಕ್ಕಿಂತ ಮೊದಲು ಒಣಗುವುದೂ ಅದೇ ಮೇಲಿನ ಒಂದೆರಡು ಇಂಚು ಅಲ್ವಾ? ಗಂಟಿನ ಈ ಎರಡನೇ ಬೇರುಗಳು ಇಳಿಯುವವರೆಗೆ ಸಸಿಯ ಜೀವ ಆ ಒಂದು ಬೇರು, ಒಂದು ಎಳೆಯ ಮೇಲೆ ನಿಂತಿರುತ್ತದೆ. ನನ್ನ ಬಿತ್ತನೆಯ ಕೆಲಸವೆಲ್ಲ ಈ ಒಂದು ವಿಷಯದ ಸುತ್ತಲೇ ಇದೆ.

ಮಳೆಗಾಲದಲ್ಲಿ ಹೊಲದಲ್ಲಿ ಸಣ್ಣ ಬದುಗಳ ಚೌಕ ಮಡಿ ಹಾಕಿ ಬಿದ್ದ ನೀರನ್ನು ಅಲ್ಲಲ್ಲೇ ಇಂಗಿಸುತ್ತೇನೆ. ಉತ್ತರಿ, ಹಸ್ತ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದ ಒಳಗೆ ಬಿತ್ತನೆ. ಬೀಜ ಮಾಲದಂಡಿ ಎಂ 35-1 ಇಲ್ಲವೇ ಬಿಜೆವಿ-44 ತಳಿಯದು. ಮೊದಲು ನೂರು ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ನೋಡುತ್ತೇನೆ. 75ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬೇಡ.

ಬೀಜ ಗಟ್ಟಿಗೊಳಿಸುವುದನ್ನು ನಾನು ಯಾವ ವರ್ಷವೂ ಬಿಡುವುದಿಲ್ಲ. ಒಂದು ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ, ಅದರಲ್ಲಿ ಬೀಜವನ್ನು 8 ಗಂಟೆ ನೆನೆಸಿ, ನೆರಳಿನಲ್ಲಿ ಮೊದಲಿನಷ್ಟೇ ಒಣಗಿಸಬೇಕು. ಕಾಳಿನೊಳಗೆ ಮೊಳೆಯುವ ಕೆಲಸ ಶುರುವಾಗಿರುತ್ತದೆ, ಬೇರು ಮಾತ್ರ ಹೊರಬಂದಿರುವುದಿಲ್ಲ. ಹೊಲಕ್ಕೆ ಬಿದ್ದಾಗ ಬೇಗ ಬೇರು ಬಿಡುತ್ತದೆ. ದಿನದಿನಕ್ಕೂ ಕೆಳಗೆ ಸರಿಯುವ ಹಸಿಯನ್ನು ಬೆನ್ನಟ್ಟುವ ಬೇರಿಗೆ ಒಂದು ದಿನ ಮುಂಚೆ ಹೊರಟರೂ ದೊಡ್ಡ ಲಾಭ. ತೆನೆಯ ಕಾಳು ಕಪ್ಪು ಪುಡಿಯಾಗುವ ಕಾಡಿಗೆ ರೋಗ ಬಾರದಂತೆ ಒಣಗಿದ ಬೀಜಕ್ಕೆ ಗಂಧಕದ ಪುಡಿ ಹಚ್ಚುತ್ತೇನೆ.

ಬಿತ್ತುವ ಕೂರಿಗೆಯ ಆಳದ ವಿಷಯದಲ್ಲಿ ನಾನು ಹಟಮಾರಿ. ಎರಡು ಇಂಚು, ಹಸಿ ಮಣ್ಣಿನಲ್ಲೇ ಕಾಳು ಬೀಳಬೇಕು. ಸಾಲಿನಲ್ಲಿ ಬೆರಳಿಟ್ಟು ಮಣ್ಣು ತೆಗೆದು ಹಿಸುಕಿದರೆ ಉಂಡೆ ಕಟ್ಟಬೇಕು. ಮೇಲೆ ಬಿದ್ದರೆ ಬೇರು ಇಳಿಯುವ ಮೊದಲೇ ಮಣ್ಣು ಒಣಗುತ್ತದೆ. ಹಸಿ ಆಳಕ್ಕೆ ಹೋಗಿದೆ ಅಂತ ಸುಮ್ನೆ ಕೂರಿಗೆ ಒತ್ತಿದರೆ ಕಾಳಿನೊಳಗಿನ ಅನ್ನವೆಲ್ಲ ಆ ಎಳೆ ಬೆಳೆಸುವುದಕ್ಕೇ ಖರ್ಚಾಗಿ, ಮೇಲೆ ಬಂದ ಸಸಿ ಬಡಕಲಾಗಿರುತ್ತದೆ. ಹಿಂದೆಯೇ ಕುಂಟೆ ಹೊಡೆದು ಮಣ್ಣು ಮುಚ್ಚಿ ಒತ್ತುವಂತೆ ಮಾಡುತ್ತೇನೆ. ಕಾಳಿಗೆ ಮಣ್ಣು ಅಂಟಿಕೊಂಡಿದ್ದರೆ ತಾನೇ ನೀರು ಸಿಗುವುದು?

ಬಿತ್ತಿದ ಎರಡು ಮೂರು ದಿನದಲ್ಲಿ ರಪರಪ ಮಳೆ ಬಿದ್ದು ಬಿಸಿಲು ಕಾದರೆ ಮೇಲೆ ಹಕ್ಕಳೆ ಕಟ್ಟುತ್ತದೆ. ಆಗ ತಡ ಮಾಡಬಾರದು. ಹಕ್ಕಳೆ ಎತ್ತಿ ನೋಡಿದರೆ ಮೊದಲ ಎಲೆ ನೆಲದೊಳಗೇ ಬಿಚ್ಚಿ, ಸೀರೆಯ ನಿರಿಗೆಯ ಹಾಗೆ ಮಡಚಿಕೊಂಡು ಹಳದಿಯಾಗಿರುತ್ತದೆ. ಮೊಳಕೆಯ ಚೂಪು ತುದಿ ಮಣ್ಣು ತೂರಬಲ್ಲದು, ಬಿಚ್ಚಿದ ಎಲೆಗೆ ಆ ಶಕ್ತಿ ಇಲ್ಲ. ಅದಕ್ಕೇ ಎಲೆ ಬಿಚ್ಚುವ ಮೊದಲೇ ಜಾಲಿ ಮುಳ್ಳಿನ ಹೊರೆಯನ್ನು ಹಗುರವಾಗಿ ಎಳೆಸಿ ಹಕ್ಕಳೆ ಒಡೆಯುತ್ತೇನೆ. ಭಾರ ಜಾಸ್ತಿ ಆದರೆ ಮೊಳಕೆ ಮುರಿಯುತ್ತದೆ.

ಮೂರು ವಾರದ ಹೊತ್ತಿಗೆ ಸಾಲುಗಳ ನಡುವೆ ಎಡೆಕುಂಟೆ ಹೊಡೆಯುತ್ತೇನೆ. ಎಲ್ಲರೂ ಕಸ ತೆಗೆಯಲು ಅಂತ ಹೊಡೆಯುತ್ತಾರೆ, ನನಗೆ ಬೇರಿನ ಕೆಲಸವೇ ಮುಖ್ಯ. ಎರೆ ಮಣ್ಣಿನ ಬಿರುಕು ಮುಚ್ಚುತ್ತದೆ. ಮೇಲೆ ಪುಡಿ ಮಣ್ಣಿನ ಹೊದಿಕೆಯಾಗಿ ಕೆಳಗಿನ ಹಸಿ ಉಳಿಯುತ್ತದೆ. ಒಂದಿಷ್ಟು ಮಣ್ಣು ಸಾಲಿನ ಬುಡಕ್ಕೆ ಸರಿದು ಆ ಗಂಟನ್ನು ಮುಚ್ಚುತ್ತದೆ. ಈ ಹೊತ್ತಿನಲ್ಲಿ ಒಂದು ತುಂತುರು ಮಳೆ ಸಿಕ್ಕರಂತೂ ದಪ್ಪ ಬಿಳಿ ಬೇರುಗಳು ಸುತ್ತಲೂ ಹೊರಟು ಕೆಳಗಿಳಿಯುತ್ತವೆ. ಆ ಬೇರು ಕಂಡಾಗ ಆಗುವ ಸಂತೋಷ ತೆನೆ ಕಂಡಾಗಲೂ ನನಗೆ ಆಗುವುದಿಲ್ಲ.

ಮಧ್ಯಾಹ್ನ ಎಲೆ ಸುರುಳಿ ಸುತ್ತಿದರೆ ನಾನು ಹೆದರುವುದಿಲ್ಲ. ಅದು ನೀರು ಉಳಿಸಿಕೊಳ್ಳುವ ಜೋಳದ ರೀತಿ. ಸೂರ್ಯ ಹುಟ್ಟುವ ಹೊತ್ತಿಗೆ ಹೊಲಕ್ಕೆ ಹೋಗಿ ನೋಡುತ್ತೇನೆ. ರಾತ್ರಿ ಕಳೆದರೂ ಎಲೆ ಬಿಚ್ಚದಿದ್ದರೆ ಬೇರಿಗೆ ನೀರು ಸಿಗುತ್ತಿಲ್ಲ ಅಂತಲೇ ಅರ್ಥ. ಮೇಲಿನ ಎಲೆ ಬಿಸಿಲಿಗೆ ಸುಟ್ಟರೂ, ಚಿಗರಿ ಮೇಯ್ದರೂ ಎಳೆ ಸಸಿ ಮತ್ತೆ ಚಿಗುರುತ್ತದೆ. ಮೊದಲ ತಿಂಗಳು ಬೆಳೆಯುವ ತುದಿ ನೆಲದ ಒಳಗೇ ಇರುತ್ತದೆ.

ಸುಳಿ ನೊಣದ ಕಥೆ ಬೇರೆ. ಅದು ಎಲೆಯ ಕೆಳಗೆ ಬಿಳಿ ಮೊಟ್ಟೆ ಇಡುತ್ತದೆ. ಮರಿಹುಳ ಒಳಗಿಳಿದು ನೇರ ಆ ತುದಿಯನ್ನೇ ಕಡಿಯುತ್ತದೆ. ನಡುವಿನ ಸುಳಿ ಒಣಗಿ, ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ. ಹಾಗಾಗಿ ಎಕರೆಗೆ ಮೂರು ಕಿಲೋ ಬೀಜ ಹಾಕಿ, ಸಸಿ ತೆಳುವು ಮಾಡುವಾಗ ಸುಳಿ ಒಣಗಿದವನ್ನೇ ಮೊದಲು ಕೀಳುತ್ತೇನೆ, ಸಸಿಯಿಂದ ಸಸಿಗೆ ಸುಮಾರು ಆರು ಇಂಚು ಉಳಿಸುತ್ತೇನೆ. ಕಿತ್ತ ಹಸಿ ಸಸಿಯನ್ನು ದನಕ್ಕೆ ಹಾಕಲೇಬಾರದು. ಎಳೆ ಜೋಳದಲ್ಲಿ, ಅದರಲ್ಲೂ ನೀರಿಲ್ಲದೆ ಬಾಡಿದ ಸಸಿಯಲ್ಲಿ, ಧುರಿನ್ ಅನ್ನುವ ಅಂಶ ಇರುತ್ತದೆ. ದನ ಅಗಿದಾಗ ಅದರಿಂದ ಸಯನೈಡ್ ವಿಷ ಹುಟ್ಟುತ್ತದೆ, ಸ್ವಲ್ಪ ಹೊತ್ತಿನಲ್ಲೇ ಜೀವ ಹೋಗಬಹುದು. ಕಿತ್ತದ್ದನ್ನೆಲ್ಲ ಬದುವಿನಾಚೆ ಗುಂಡಿ ತೆಗೆದು ಹೂಳುತ್ತೇವೆ. ಒಳಗಿನ ಹುಳವೂ ಅಲ್ಲೇ ಸಾಯುತ್ತದೆ.