ಮಾರ್ಕೆಟ್‌ಗೆ ಮಕ್ಕಳನ್ನು ಕರ್ಕೊಂಡು ಹೋಗೋರಿಗೆ

ಬೆಂಗಳೂರಿನ ಕೆ.ಆರ್. ಮಾರ್ಕೆಟ್ ನೋಡಲು ಮಕ್ಕಳನ್ನು ಕರೆದುಕೊಂಡು ಹೋದರೆ ನೇರವಾಗಿ ಹೂವಿನ ಅಂಗಡಿಗಳ ಮಧ್ಯೆ ನುಗ್ಗಬೇಡಿ. ಮೊದಲು ಮೆಟ್ಟಿಲು ಹತ್ತಿ ಮೇಲಿನ ಮಹಡಿಯಿಂದ ತೋರಿಸಿ. ಬೆಳಗ್ಗೆ 7ರ ಹೊತ್ತಿಗೆ ಕೆಳಗೆ ಮೂಟೆ ಹೊತ್ತವರು 'ಸೈಡು, ಸೈಡು' ಅನ್ನುತ್ತಾ ಬರುತ್ತಿರುತ್ತಾರೆ, ಅಲ್ಲಿ 30 ಮಕ್ಕಳು ನಿಂತರೆ ಬೈಗುಳ ಗ್ಯಾರಂಟಿ. ಮೇಲಿಂದಾದರೆ ಸೇವಂತಿಗೆ, ಚೆಂಡುಹೂವಿನ ರಾಶಿ, ತಕ್ಕಡಿ, ಚೌಕಾಸಿ ಎಲ್ಲಾ ಒಟ್ಟಿಗೆ ಕಾಣುತ್ತದೆ. ಆಮೇಲೆ ಐದೈದು ಜನರನ್ನು ಕೆಳಗಿಳಿಸಿ. ಬಿಡಿ ಹೂವು ತೂಕಕ್ಕೆ, ಕಟ್ಟಿದ ಹೂವು ಮೊಳಕ್ಕೆ ಯಾಕೆ ಅಂತ ಅವರೇ ಕೇಳಲಿ. 1928ರ ಮಾರ್ಕೆಟ್ಟಿನ ಹಳೇ ಮುಂಭಾಗ ಕೊನೆಗೆ ನೋಡಿದರಾಯಿತು, ಅದೆಲ್ಲೂ ಓಡಿಹೋಗಲ್ಲ ಅಲ್ವಾ! ತಡವಾಗಿ ಹೋದರೆ ರಾಶಿ ಕರಗಿರುತ್ತದೆ. ವರಮಹಾಲಕ್ಷ್ಮಿ, ಆಯುಧಪೂಜೆಯ ಹಿಂದಿನ ದಿನವಂತೂ ಈ ಉಪಾಯ ನಡೆಯಲ್ಲ, ಮೆಟ್ಟಿಲ ಮೇಲೂ ಕಾಲಿಡಲು ಜಾಗ ಸಿಗಲ್ಲ.