ಕೊಳೆ ಮದ್ದಿಗೊಂದು ಹೊಳವು: ಮಳೆ ಲೆಕ್ಕ ಇಟ್ಟ ನನ್ನ ಅನುಭವ

ಮಳೆ ನಿಂತು ಮೋಡ ಸ್ವಲ್ಪ ತೆಳುವಾದರೆ ನಮ್ಮ ಕಡೆ ‘ಹೊಳವಾಯಿತು’ ಎನ್ನುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಡಿಕೆ ತೋಟ ಇರುವವನ ಜೀವ ಈ ಹೊಳವಿನಲ್ಲೇ ಇರುತ್ತದೆ. ಮಳೆ ಬರುತ್ತದೆಯೇ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಎಷ್ಟು ಹೊತ್ತು ಬಿಡುತ್ತದೆ ಎಂದು ಕೇಳುತ್ತಾರೆ.

ಶಿರಸಿಯಿಂದ ಪಶ್ಚಿಮಕ್ಕೆ, ದೇವಿಮನೆ ಘಟ್ಟದ ದಿಕ್ಕಿಗೆ ನಮ್ಮ ಊರು. ಎರಡು ಗುಡ್ಡಗಳ ನಡುವೆ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ. ಅಪ್ಪಯ್ಯನಿಗೆ ಮಂಡಿನೋವು ಜಾಸ್ತಿಯಾಗಿ ತೋಟದ ಉಸ್ತುವಾರಿ ನನ್ನ ಕೈಗೆ ಬಂದ ಮೊದಲ ವರ್ಷ, ಜುಲೈನಲ್ಲಿ ಎರಡನೇ ಸಲ ಕೊಳೆ ಮದ್ದು, ಅಂದರೆ ಅಡಿಕೆ ಕಾಯಿ ಕೊಳೆತು ಉದುರುವ ರೋಗಕ್ಕೆ ಸಿಂಪಡಿಸುವ ನೀಲಿ ಬೋರ್ಡೋ ದ್ರಾವಣ, ಹೊಡೆಯುವುದಿತ್ತು. ‘ಮಳೆಯ ತೀವ್ರತೆ ಕಡಿಮೆಯಾಗಲಿದೆ’ ಎಂಬ ಸುದ್ದಿ ಕೇಳಿ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರನ್ನು ಕರೆಸಿದೆ. ಬೆಳಗ್ಗೆ ಬಿಸಿಲೂ ಬಂತು. ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆವು, ಗುಡ್ಡದ ಹಿಂದಿನಿಂದ ಸದ್ದು ಕೇಳಿತು. ಮಳೆ ಕಣ್ಣಿಗೆ ಕಾಣುವ ಮೊದಲೇ ಕಾಡಿನ ಎಲೆಗಳ ಮೇಲೆ ಬೀಳುತ್ತ ಬರುವ ಆ ಸದ್ದು ಮಲೆನಾಡಿನವರಿಗೆಲ್ಲ ಗೊತ್ತು. ಅರ್ಧ ತಾಸಿನಲ್ಲಿ ಮರಗಳ ಮೈಮೇಲೆ ತಿಳಿನೀಲಿ ಗೆರೆಗಳು ಇಳಿದವು. ತೋಟದ ಕಾಲುವೆಯಲ್ಲಿ ನೀಲಿ ನೀರು ಹರಿದು ಹೋಯಿತು. ಎರಡು ವಾರಕ್ಕೆಲ್ಲ ಮರದ ಬುಡದಲ್ಲಿ ಹಸಿರು ಕಾಯಿ ಉದುರಲು ಶುರುವಾಯಿತು. ಎತ್ತಿ ನೋಡಿದರೆ ತೊಟ್ಟಿನ ಹತ್ತಿರ ನೀರು ಹಿಡಿದಂಥ ಕಪ್ಪು ಹಸಿರು ಕಲೆ, ಅದರ ಮೇಲೆ ಬಿಳಿ ಬೂಷ್ಟು. ಅಪ್ಪಯ್ಯ ಬೈಯಲಿಲ್ಲ. ಕೋಲೂರಿಕೊಂಡು ತೋಟಕ್ಕೆ ಇಳಿದು ಬಂದು ಒಂದೊಂದೇ ಕಾಯಿ ಹೆಕ್ಕಿ ಬುಟ್ಟಿಗೆ ಹಾಕಿದರು. ಆ ನೋಟವನ್ನು ನಾನು ಇಂದಿಗೂ ಮರೆತಿಲ್ಲ.

ಮುನ್ಸೂಚನೆ ಸುಳ್ಳಾಯಿತು ಎಂದು ಆಗ ಎಲ್ಲರೆದುರು ಹೇಳಿಕೊಂಡು ತಿರುಗಿದೆ. ಈಗ ಹಾಗೆ ಹೇಳಲಾರೆ. ‘ತೀವ್ರತೆ ಕಡಿಮೆ’ ಎಂದಿದ್ದರೇ ಹೊರತು ಮಳೆ ಇಲ್ಲ ಎಂದಿರಲಿಲ್ಲ. ಜೊತೆಗೆ ಅದು ನನ್ನ ಕಣಿವೆಗೆ ಹೇಳಿದ ಮಾತೂ ಆಗಿರಲಿಲ್ಲ. ಹವಾಮಾನ ಇಲಾಖೆಯ ವಿಂಗಡಣೆಯಲ್ಲಿ ಉತ್ತರ ಕನ್ನಡ ಇಡೀ ಜಿಲ್ಲೆಯಾಗಿ ‘ಕರಾವಳಿ ಕರ್ನಾಟಕ’ಕ್ಕೆ ಸೇರುತ್ತದೆ. ಕಡಲ ಅಂಚಿನ ಕಾರವಾರ, ಘಟ್ಟದ ಮೇಲಿನ ಶಿರಸಿ, ಬಯಲುಸೀಮೆಗೆ ತಾಗಿದ ಹಳಿಯಾಳ, ಮುಂಡಗೋಡ ಎಲ್ಲವೂ ಅದರಲ್ಲೇ. ನಮ್ಮ ಒಂದು ತಾಲ್ಲೂಕನ್ನೇ ನೋಡಿ: ಘಟ್ಟದ ಅಂಚಿನಲ್ಲಿ ಕಂಬಳಿಕೊಪ್ಪೆ ಕಳಚಲಾಗದಂಥ ಮಳೆ ಇರುವಾಗ ಬನವಾಸಿಯ ಕಡೆ ಗದ್ದೆಗೆ ನೀರು ಸಾಲದೆ ಆಕಾಶ ನೋಡುತ್ತಿರುತ್ತಾರೆ. ಇಷ್ಟಕ್ಕೆಲ್ಲ ಒಂದೇ ವಾಕ್ಯ ಹೇಳಿದರೆ ಅದನ್ನು ನಮ್ಮ ಊರಿಗೆ ಇಳಿಸಿಕೊಳ್ಳುವ ಕೆಲಸ ನಮ್ಮದೇ.

ಆ ಕೆಲಸವನ್ನು ನಾನು ಮಳೆ ಅಳೆಯುವುದರಿಂದ ಶುರು ಮಾಡಿದೆ. ಅಂಗಡಿಯಿಂದ ಮಾಪಕ ತಂದದ್ದಲ್ಲ. ಬಾಯಿ ಸರಿಯಾಗಿ 16 ಸೆಂ.ಮೀ. ಅಗಲ ಇರುವ ಪ್ಲಾಸ್ಟಿಕ್ ಆಲಿಕೆಯೊಂದನ್ನು ಶಿರಸಿಯ ಪೇಟೆಯಲ್ಲಿ ಅಳತೆಪಟ್ಟಿ ಹಿಡಿದು ಹುಡುಕಿದೆ. ಆ ಬಾಯಿಯ ವಿಸ್ತೀರ್ಣ 201 ಚದರ ಸೆಂ.ಮೀ. ಆಗುತ್ತದೆ. ಅದರಲ್ಲಿ ಬಿದ್ದ 20 ಮಿ.ಲೀ. ನೀರು ಎಂದರೆ 1 ಮಿ.ಮೀ. ಮಳೆ. ಔಷಧಿ ಅಂಗಡಿಯಲ್ಲಿ ಸಿಗುವ 20 ಮಿ.ಲೀ. ಸಿರಿಂಜ್ ಒಂದು ಸಲ ತುಂಬಿದರೆ ಒಂದು ಮಿ.ಮೀ. ಲೆಕ್ಕ ಅಷ್ಟು ಸಲೀಸು. ಆಲಿಕೆಯ ಕೆಳಗೆ ಮೊದಲು ಒಂದು ಲೀಟರಿನ ಬಾಟಲಿ ಇಟ್ಟಿದ್ದೆ. ಅದು 50 ಮಿ.ಮೀ.ಗೇ ತುಂಬಿ ಹೊರಚೆಲ್ಲುತ್ತದೆ ಎಂಬುದು ಮೂರು ದಿನ ಸಾಲಾಗಿ ‘50’ ಎಂದು ಬರೆದ ಮೇಲೆ ಹೊಳೆಯಿತು. ಈಗ ಐದು ಲೀಟರಿನ ಎಣ್ಣೆ ಕ್ಯಾನ್ ಇದೆ. 250 ಮಿ.ಮೀ.ವರೆಗೆ ಹಿಡಿಯುತ್ತದೆ. ಜೋರು ಮಳೆಯ ದಿನ ಲೀಟರ್ ಪಾತ್ರೆಯಿಂದ ಅಳೆದು, ಕೊನೆಯ ಚೂರಿಗೆ ಮಾತ್ರ ಸಿರಿಂಜ್ ಹಿಡಿಯುತ್ತೇನೆ.

ಇಡುವ ಜಾಗದಲ್ಲೂ ತಪ್ಪಿದ್ದೆ. ಮಾಡಿನ ಅಂಚಿಗೆ ಹತ್ತಿರವಿಟ್ಟರೆ ಗಾಳಿ ಬಂದಾಗ ಹೆಂಚಿನ ನೀರೂ ಸೇರುತ್ತದೆ. ತೋಟದೊಳಗೆ ಇಟ್ಟರೆ ಮರ ತಡೆಯುತ್ತದೆ. ಕೊನೆಗೆ ಅಂಗಳದಾಚೆ ಬಯಲಿನಲ್ಲಿ ಚಿರೆಕಲ್ಲು ಕೂರಿಸಿ, ಆಲಿಕೆಯ ಬಾಯಿ ನೆಲದಿಂದ ಒಂದು ಅಡಿ ಮೇಲೆ ಬರುವಂತೆ ಕಟ್ಟಿದೆ. ಪ್ರತಿದಿನ ಬೆಳಗ್ಗೆ 8.30ಕ್ಕೆ ಅಳತೆ. ಇಲಾಖೆಯೂ ಅದೇ ಹೊತ್ತಿಗೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಅಂದಿನ ತಾರೀಕಿಗೆ ಬರೆಯುತ್ತದೆ. ಇದು ಗೊತ್ತಿಲ್ಲದೆ ಒಂದು ವರ್ಷ ನನ್ನ ಅಂಕಿ ಪತ್ರಿಕೆಯ ಅಂಕಿಗೆ ಹೊಂದುವುದಿಲ್ಲ ಎಂದು ತಲೆ ಕೆಡಿಸಿಕೊಂಡಿದ್ದೆ.

ನೋಟ್ ಪುಸ್ತಕದಲ್ಲಿ ಮಿ.ಮೀ. ಜೊತೆಗೆ ಇನ್ನೆರಡು ಕಲಂ ಹಾಕಿದೆ. ಮುನ್ಸೂಚನೆ ಏನು ಹೇಳಿತ್ತು ಎಂಬುದು ಒಂದು, ಹಗಲಿನಲ್ಲಿ ಎಷ್ಟು ತಾಸು ಹೊಳವಿತ್ತು ಎಂಬುದು ಇನ್ನೊಂದು. ನನ್ನ ಮಟ್ಟಿಗೆ ಮಿ.ಮೀ.ಗಿಂತ ಈ ಕೊನೆಯ ಕಲಮಿನ ಬೆಲೆ ಹೆಚ್ಚು. ರಾತ್ರಿಯೆಲ್ಲ 100 ಮಿ.ಮೀ. ಸುರಿದು ಹಗಲು ಆರು ತಾಸು ಬಿಟ್ಟರೆ ಮದ್ದು ಹೊಡೆಯಬಹುದು. ಇಡೀ ದಿನ ಜಿಟಿಜಿಟಿ ಎಂದು 8 ಮಿ.ಮೀ. ಬಿದ್ದರೆ ಏನೂ ಮಾಡಲಾಗದು. ಕೊಳೆ ರೋಗದ ಶಿಲೀಂಧ್ರಕ್ಕೂ ಬೇಕಾದದ್ದು ಅದೇ ಜಿಟಿಜಿಟಿ: 20ರಿಂದ 23 ಡಿಗ್ರಿಯ ತಂಪು, ಶೇ 90 ಮೀರಿದ ತೇವ, ನಡುನಡುವೆ ಮಳೆ ಬಿಸಿಲಿನ ಆಟ.

ಇನ್ನು ಮುನ್ಸೂಚನೆ ಓದುವ ವಿಚಾರ. ಅದರ ಪ್ರತಿ ಪದಕ್ಕೂ ಅಳತೆ ಇದೆ ಎಂಬುದು ತಿಳಿದ ದಿನ ನನಗೆ ಹೊಸ ಭಾಷೆ ಕಲಿತಂತಾಯಿತು. ‘ಒಂದೆರಡು ಕಡೆ ಮಳೆ’ ಎಂದರೆ ಆ ಪ್ರದೇಶದ ಮಾಪನ ಕೇಂದ್ರಗಳಲ್ಲಿ ಕಾಲುಭಾಗದವರೆಗೆ ಮಾತ್ರ ಮಳೆ. ‘ಕೆಲವು ಕಡೆ’ ಎಂದರೆ ಅರ್ಧದವರೆಗೆ, ‘ಹಲವು ಕಡೆ’ ಎಂದರೆ ಮುಕ್ಕಾಲಿನವರೆಗೆ, ‘ಬಹುತೇಕ ಎಲ್ಲ ಕಡೆ’ ಎಂದರೆ ಅದಕ್ಕೂ ಮೇಲೆ. ‘ಭಾರಿ ಮಳೆ’ ಎಂದರೆ 24 ಗಂಟೆಯಲ್ಲಿ 64.5 ಮಿ.ಮೀ.ಯಿಂದ 115.5ರವರೆಗೆ, ‘ಅತಿ ಭಾರಿ’ 204.4ರವರೆಗೆ. ಈ ಪದಗಳನ್ನು ನನ್ನ ಪುಸ್ತಕದ ಪಕ್ಕದಲ್ಲಿಟ್ಟು ಎರಡು ಮಳೆಗಾಲ ನೋಡಿದ ಮೇಲೆ ಗೊತ್ತಾಯಿತು: ಕರಾವಳಿಗೆ ‘ಹಲವು ಕಡೆ’ ಎಂದರೂ ನಮ್ಮ ಕಣಿವೆಗೆ ಮಳೆ ಬಂದೇ ಬರುತ್ತದೆ. ‘ಒಂದೆರಡು ಕಡೆ’ ಎಂದು ಇಳಿದ ದಿನ ಮಾತ್ರ ನಾನು ಬ್ಯಾರಲ್ ತೊಳೆದಿಡುತ್ತೇನೆ.

ಅದಕ್ಕಿಂತಲೂ ಉಪಯೋಗಕ್ಕೆ ಬಂದದ್ದು ಇಲಾಖೆಯ ದೈನಿಕ ವರದಿಯ ಮೊದಲ ಪ್ಯಾರಾ. ಸಾಮಾನ್ಯವಾಗಿ ಯಾರೂ ಓದದೆ ಬಿಡುವ ಭಾಗ ಅದು. ಗುಜರಾತ್‌ನಿಂದ ಕೇರಳದವರೆಗೆ ಕರಾವಳಿಗುಂಟ ಕಡಿಮೆ ಒತ್ತಡದ ಪಟ್ಟಿ ಇದೆ ಎಂದು ಬರೆದಿದ್ದರೆ ನಮಗೆ ಬಿಡುವಿಲ್ಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಒಡಿಶಾದ ಕಡೆ ಹೊರಟಿದ್ದರೆ ಅರಬ್ಬೀ ಸಮುದ್ರದ ಪಡುಗಾಳಿ ಬಲವಾಗುತ್ತದೆ, ಘಟ್ಟಕ್ಕೆ ಮಳೆ ಹೆಚ್ಚುತ್ತದೆ. ದೇಶದ ಆ ತುದಿಯ ಕಡಲಿನಲ್ಲಿ ಆಗುವುದಕ್ಕೆ ನಮ್ಮ ತೋಟದಲ್ಲಿ ಕಾಯಿ ಕೊಳೆಯುತ್ತದೆ ಎಂದರೆ ಅಪ್ಪಯ್ಯ ಮೊದಲು ನಂಬಲಿಲ್ಲ. ಇನ್ನು ಉತ್ತರ ಭಾರತದ ಮೇಲೆ ಚಾಚಿರುವ ಮುಂಗಾರಿನ ಕಡಿಮೆ ಒತ್ತಡದ ರೇಖೆ ಉತ್ತರಕ್ಕೆ ಸರಿದು ಹಿಮಾಲಯದ ತಪ್ಪಲಿಗೆ ಹೋಗಿದೆ ಎಂದು ಓದಿದರೆ ಅದು ನಮಗೆ ಶುಭ ಸುದ್ದಿ. ನಮ್ಮಲ್ಲಿ ಮಳೆ ಸೊರಗುತ್ತದೆ, ಒಂದೆರಡು ದಿನದಲ್ಲಿ ಒಳ್ಳೆಯ ಹೊಳವು ಸಿಗುತ್ತದೆ. ಆ ಸಾಲು ಕಂಡ ಕೂಡಲೇ ಕೊನೆಗೌಡರಿಗೆ ಫೋನ್ ಮಾಡುತ್ತೇನೆ. ಏಕೆಂದರೆ ಹೊಳವಾದ ದಿನ ಎಲ್ಲರಿಗೂ ಅವರೇ ಬೇಕು. ಒಂದು ದಿನ ಮುಂಚೆ ಹೇಳಿದವನಿಗೆ ಅವರು ಸಿಗುತ್ತಾರೆ.

ಮೊಬೈಲಿನಲ್ಲಿ ರೈತರಿಗೆ ಹವಾಮಾನ ತಿಳಿಸುವ ಮೇಘದೂತ್ ಆ್ಯಪ್ ಇದೆ. ಮಂಗಳವಾರ ಮತ್ತು ಶುಕ್ರವಾರ ಐದು ದಿನದ ಮುನ್ಸೂಚನೆಯ ಜೊತೆ ಕೃಷಿ ಸಲಹೆ ಬರುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೂ ಕರೆ ಮಾಡುತ್ತೇನೆ. ವಿಂಡಿ ಎಂಬ ಹವಾಮಾನ ಆ್ಯಪ್‌ನಲ್ಲಿ ಮುನ್ಸೂಚನೆ ಲೆಕ್ಕ ಹಾಕುವ ಯುರೋಪಿನ ಮಾದರಿಯನ್ನೂ ಅಮೆರಿಕದ ಮಾದರಿಯನ್ನೂ ಒಟ್ಟಿಗೆ ನೋಡುತ್ತೇನೆ. ಎರಡೂ ಒಂದೇ ಮಾತು ಹೇಳಿದರೆ, ಅದೂ ಎರಡು ದಿನ ಸಾಲಾಗಿ ಹೇಳಿದರೆ, ನೆಚ್ಚುತ್ತೇನೆ. ಬೇರೆ ಬೇರೆ ಹೇಳಿದರೆ ಕಾಯುತ್ತೇನೆ. ಯುರೋಪಿನ ಮಾದರಿ ಭೂಮಿಯನ್ನು ಸುಮಾರು 9 ಕಿ.ಮೀ.ಯ ಚೌಕಗಳಾಗಿ ನೋಡುತ್ತದೆ. 2025ರ ಮೇ ತಿಂಗಳಿನಲ್ಲಿ ಶುರುವಾದ ನಮ್ಮ ದೇಶದ ಭಾರತ್ ಫೋರ್ಕಾಸ್ಟ್ ವ್ಯವಸ್ಥೆ 6 ಕಿ.ಮೀ.ಗೆ ಇಳಿದಿದೆ. ಇದು ಸಣ್ಣ ಸಾಧನೆಯಲ್ಲ. ಆದರೂ ನಮ್ಮ ತೋಟ, ಗುಡ್ಡ, ಗುಡ್ಡದಾಚೆಯ ಊರು ಮೂರೂ ಒಂದೇ ಚೌಕದೊಳಗೆ ಕುಳಿತುಬಿಡಬಹುದು.

ಕೊನೆಯ ಪರೀಕ್ಷೆ ಸಂಜೆ ಅಂಗಳದಲ್ಲಿ. ಪಶ್ಚಿಮದ ಗುಡ್ಡದ ನೆತ್ತಿಯಲ್ಲಿ ಸಾಲಾಗಿ ಮರಗಳಿವೆ. ಅವು ಬಿಡಿಬಿಡಿಯಾಗಿ ಎಣಿಸಲು ಸಿಕ್ಕರೆ ಮೋಡ ಮೇಲೆದ್ದಿದೆ ಎಂದರ್ಥ. ನೆತ್ತಿಯೇ ಮುಚ್ಚಿಕೊಂಡಿದ್ದರೆ ಮೊಬೈಲ್ ಏನು ಹೇಳಿದರೂ ಮರುದಿನದ ಕೆಲಸ ಮುಂದೆ ಹಾಕುತ್ತೇನೆ. ಇದು ಅಪ್ಪಯ್ಯ ಕಲಿಸಿದ್ದು. ನನ್ನ ಪುಸ್ತಕದಲ್ಲಿ ಪರೀಕ್ಷಿಸಿ ನೋಡಿದ್ದೇನೆ, ಮರುದಿನ ಬೆಳಗಿನ ಮಟ್ಟಿಗೆ ಇದರಷ್ಟು ನೆಚ್ಚಿಕೆಯ ಗುರುತು ಇನ್ನೊಂದಿಲ್ಲ.

ಮಳೆ ನಕ್ಷತ್ರಗಳನ್ನು ನಾನು ಬಿಟ್ಟಿಲ್ಲ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ ಎಂದು ಸೂರ್ಯನ ಚಲನೆ ಹಿಡಿದು ಹದಿಮೂರು ಹದಿನಾಲ್ಕು ದಿನಕ್ಕೊಂದರಂತೆ ಬರುವ ಲೆಕ್ಕ ಅದು. ಆರಿದ್ರಾ ಜೂನ್ 22ರ ಸುಮಾರಿಗೆ ಹುಟ್ಟುತ್ತದೆ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ’ ಎಂಬ ಮಾತನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಋತು ಯಾವ ಹದದಲ್ಲಿರಬೇಕು ಎಂಬುದನ್ನು ನಕ್ಷತ್ರ ಹೇಳುತ್ತದೆ. ನಾಳೆ ಬೆಳಗ್ಗೆ ಏನು ಮಾಡಬೇಕು ಎಂಬುದನ್ನು ಅದರಿಂದ ಕೇಳಬಾರದು.

ಹೊಳವು ಖಚಿತವಾದ ಬೆಳಗ್ಗೆ ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ ಕರಗಿಸಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕಲಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಪಾತ್ರೆ ಕಬ್ಬಿಣದ್ದಾಗಬಾರದು. ಆಮೇಲೆ ಉಜ್ಜಿದ ಚಾಕುವಿನ ಅಲಗನ್ನು ಅದ್ದಿ ತುಸು ಹೊತ್ತು ಬಿಟ್ಟು ತೆಗೆಯುತ್ತೇನೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು. ಬೆಳ್ಳಗೆ ಹೊಳೆದರೆ ಹದ ಬಂದಿದೆ. 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆ ರೋಗದ ಬಗ್ಗೆ ಬರೆದ ಕಾಲದಿಂದ ಇಂದಿನವರೆಗೂ ನಮ್ಮನ್ನು ಕಾಯುತ್ತಿರುವುದು ಇದೇ ನೀಲಿ ನೀರು. ಕಾಯಿಯ ಮೇಲೆ ಒಣಗಿ ಕೂತರೆ ಎಂಥ ಮಳೆಗೂ ಸುಲಭಕ್ಕೆ ತೊಳೆದುಹೋಗದು. ಒಣಗುವ ಮೊದಲೇ ಮಳೆ ಬಂದರೆ ಹೋಯಿತು. ಕಲಸಿದ್ದನ್ನು ಮರುದಿನಕ್ಕೆ ಇಡುವಂತೆಯೂ ಇಲ್ಲ. ಆದ್ದರಿಂದ ಈಗ ಒಮ್ಮೆಗೆ ನೂರು ಲೀಟರಿಗಿಂತ ಹೆಚ್ಚು ಕಲಸುವುದಿಲ್ಲ. ಪಶ್ಚಿಮದ ಗುಡ್ಡ ನೋಡುತ್ತ ಒಂದೊಂದೇ ಬ್ಯಾರಲ್. ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಬಂದ ಮೇಲೆ ನೆಲದಲ್ಲೇ ನಿಂತು ಹೊಡೆಯುವುದರಿಂದ ಮರ ಜಾರುತ್ತದೆ ಎಂದು ಕಾಯುವ ಹೊತ್ತೂ ಉಳಿದಿದೆ.

ಈ ಲೆಕ್ಕವೆಲ್ಲ ನಿಜವಾಗಿ ಪರೀಕ್ಷೆಗೆ ಬಿದ್ದದ್ದು 2025ರಲ್ಲಿ. ಮುಂಗಾರು ಮೇ 27ರ ಸುಮಾರಿಗೆ ಕೇರಳಕ್ಕೆ ಬರಲಿದೆ, ನಾಲ್ಕು ದಿನ ಆಚೀಚೆ ಆಗಬಹುದು ಎಂದು ಇಲಾಖೆ ಮೇ ಮೊದಲಾರ್ಧದಲ್ಲೇ ಹೇಳಿತು. ವಾಡಿಕೆಯ ದಿನ ಜೂನ್ 1. ನಾವು ಮೊದಲ ಮದ್ದನ್ನು ಮೇ ಕೊನೆಗೆ ಇಟ್ಟುಕೊಳ್ಳುವವರು. ಸಿಂಗಾರ (ಅಡಿಕೆಯ ಹೂಗೊಂಚಲು) ಇನ್ನೂ ಎಳೆಯದು, ಇಷ್ಟು ಬೇಗ ಏಕೆ ಎಂದು ಮನೆಯಲ್ಲೇ ಮಾತು ಬಂತು. ನಾನು ಆ ವಾರವೇ ಮೈಲುತುತ್ತ ತಂದು, ಎರಡು ದಿನದಲ್ಲಿ ಅರ್ಧ ತೋಟಕ್ಕೆ ಹೊಡೆಸಿದೆ. ಆಮೇಲೆ ಮಳೆ ಹಿಡಿದದ್ದು ಬಿಡಲೇ ಇಲ್ಲ. ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಊರಿನಲ್ಲಿ ಎಲ್ಲರ ಮುಖದಲ್ಲೂ ಒಂದೇ ಚಿಂತೆ. ಆದರೆ ತಿಂಗಳ ಕೊನೆಗೆ ಮುಂಗಾರು ದುರ್ಬಲವಾಗಲಿದೆ ಎಂಬ ಸಾಲು ವರದಿಯಲ್ಲಿ ಕಾಣತೊಡಗಿತು. ಜೂನ್ ಮೊದಲ ವಾರ ಹೊಳವಾಯಿತು. ಉಳಿದರ್ಧವನ್ನು ಆಗ ಮುಗಿಸಿದೆ. ಆ ವರ್ಷ ನಮ್ಮಲ್ಲಿ ಕೊಳೆ ಪೂರ್ತಿ ತಪ್ಪಲಿಲ್ಲ, ಆದರೆ ತೋಟ ಉಳಿಯಿತು.

ಒಂದು ಸಂಕಟವನ್ನೂ ಹೇಳಬೇಕು. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ನಿಂತಿರುವುದು ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕದ ಮೇಲೆ. ಹದಿನೈದು ನಿಮಿಷಕ್ಕೊಮ್ಮೆ ತಾನಾಗಿ ಅಂಕಿ ಕಳುಹಿಸುವ ಒಳ್ಳೆಯ ಯಂತ್ರವದು. ಒಂದು ವರ್ಷ ನಮಗೆ ಸಂಬಂಧಿಸಿದ ಮಾಪಕದ ಬಾಯಿಗೆ ಎಲೆ, ಕಸ ಬಿದ್ದು ಕಟ್ಟಿಕೊಂಡಿತ್ತು. ನನ್ನ ಪುಸ್ತಕದಲ್ಲಿ ಅಷ್ಟು ಮಳೆ ಇದ್ದ ವಾರಗಳಲ್ಲಿ ಅಲ್ಲಿ ಅರ್ಧವೂ ದಾಖಲಾಗಿರಲಿಲ್ಲ. ಪುಸ್ತಕ ಹಿಡಿದು ಹೋದೆ. ರೈತರ ಅಳತೆಗೆ ಮಾನ್ಯತೆ ಇಲ್ಲ ಎಂದರು. ಅದು ನಿಯಮವಿರಬಹುದು. ಆದರೆ ಮಳೆಗಾಲದ ಮೊದಲು ಮಾಪಕ ತೊಳೆದು ಪರೀಕ್ಷಿಸುವಾಗ ಊರಿನ ನಾಲ್ಕು ರೈತರನ್ನು ಕರೆದು ನಿಲ್ಲಿಸಿಕೊಳ್ಳಲಿ ಎಂಬ ನನ್ನ ಒತ್ತಾಯವನ್ನು ನಾನು ಬಿಡುವುದಿಲ್ಲ.

ಕಳೆದ ವರ್ಷ ಅದೇ 16 ಸೆಂ.ಮೀ.ಯ ಆಲಿಕೆ ನಾಲ್ಕು ತಂದು ಗುಡ್ಡದಾಚೆಯವರಿಗೆ, ಹೊಳೆಯ ಕೆಳಗಿನ ಮನೆಯವರಿಗೆ, ಇನ್ನಿಬ್ಬರಿಗೆ ಕೊಟ್ಟೆ. ಬೆಳಗ್ಗೆ 8.30 ದಾಟುತ್ತಲೇ ಮೊಬೈಲಿಗೆ ಐದು ಅಂಕಿ ಬಂದು ಬೀಳುತ್ತವೆ. ಇವತ್ತು ನಮ್ಮಲ್ಲಿ 38, ಗುಡ್ಡದಾಚೆ 61, ಹೊಳೆಯ ಕೆಳಗೆ 29. ಅಪ್ಪಯ್ಯ ಕನ್ನಡಕ ಏರಿಸಿಕೊಂಡು ಐದನ್ನೂ ಪುಸ್ತಕಕ್ಕೆ ಬರೆದು, ‘ಕೊನೆಗೌಡರಿಗೆ ಈಗಲೇ ಹೇಳಬೇಡ, ಸಂಜೆ ಗುಡ್ಡ ನೋಡೋಣ’ ಎಂದರು.