ಈ ಸೆಕ್ಷನ್ ಬದುಕಿದೆಯಾ? ಮನೆಯಲ್ಲೇ ಪತ್ತೆ ಮಾಡುವುದು ಹೇಗೆ

"ಹೊಸ ಕಾನೂನು ಬಂದಿದೆ, ಗ್ರೂಪ್ ಅಡ್ಮಿನ್‌ಗಳೇ ಹುಷಾರ್!" ಇಂಥ ಮೆಸೇಜ್ ನಿಮಗೂ ಬಂದಿರುತ್ತದೆ. ಕೊನೆಯಲ್ಲಿ ಒಂದು ಸೆಕ್ಷನ್ ನಂಬರ್ ಇರುತ್ತದೆ. ಓದಿದವರಿಗೆ ಎದೆ ಧಸಕ್ ಅನ್ನುವುದು ಅಲ್ಲೇ. ಆ ಸೆಕ್ಷನ್ ನಿಜವಾಗಿ ಇದೆಯಾ, ಜಾರಿಯಲ್ಲಿದೆಯಾ, ಕೋರ್ಟು ಏನು ಹೇಳಿದೆ ಎಂದು ನೋಡಲು ವಕೀಲರ ಮನೆ ಬಾಗಿಲಿಗೆ ಹೋಗಬೇಕಿಲ್ಲ. ಕೈಯಲ್ಲಿ ಮೊಬೈಲ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಉದಾಹರಣೆಗೆ, ಕಿರಿಕಿರಿಯ ಮೆಸೇಜ್ ಕಳಿಸಿದವರಿಗೆ ಜೈಲು ಎನ್ನುತ್ತಿದ್ದ, ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಎ ಸೆಕ್ಷನ್ ತೆಗೆದುಕೊಳ್ಳೋಣ. ಇಷ್ಟು ವಿಚಿತ್ರ ಜಾತಕ ಬೇರೆ ಸೆಕ್ಷನ್‌ಗಳಿಗೆ ಕಡಿಮೆ.

ಮಸೂದೆಯೋ, ಕಾಯ್ದೆಯೋ?

ಮೊದಲು ಇದನ್ನು ನೋಡಿ. ಟಿವಿಯಲ್ಲಿ "ಹೊಸ ಕಾನೂನು" ಅಂತ ಕೂಗುವಾಗ ಎಷ್ಟೋ ಸಲ ಅದಿನ್ನೂ ಮಸೂದೆ. ಲೋಕಸಭೆ, ರಾಜ್ಯಸಭೆ ಎರಡೂ ಒಪ್ಪಬೇಕು, ರಾಷ್ಟ್ರಪತಿ ಅಂಕಿತ ಹಾಕಬೇಕು. ಆಗ ಅದು ಕಾಯ್ದೆ. ಕಾಯ್ದೆಯಾದ ಕೂಡಲೇ ಹೊಸ ನಂಬರ್ ಸಿಗುತ್ತದೆ. ಐಟಿ ಕಾಯ್ದೆ 2000ನೇ ಇಸವಿಯ 21ನೇ ಕಾಯ್ದೆ.

ಅದರಲ್ಲಿ 66ಎ ಇರಲೇ ಇಲ್ಲ. ಅದು ತಿದ್ದುಪಡಿಯಲ್ಲಿ ಬಂದು ಸೇರಿಕೊಂಡಿತು. 2008ರ ಡಿಸೆಂಬರ್ 22ರಂದು ಲೋಕಸಭೆ ಗದ್ದಲದ ನಡುವೆ, ಚರ್ಚೆಯಿಲ್ಲದೆ ತಿದ್ದುಪಡಿಯನ್ನು ಒಪ್ಪಿತು. ಮರುದಿನ ರಾಜ್ಯಸಭೆಯೂ ಒಪ್ಪಿತು. ಅಂಕಿತ ಬಿದ್ದಿದ್ದು 2009ರ ಫೆಬ್ರುವರಿ 5ರಂದು. ಹಾಗಾಗಿ ಅದರ ಹೆಸರಲ್ಲಿ 2008 ಇದೆ, ನಂಬರ್ ಮಾತ್ರ 2009ರ 10. ಹುಡುಕುವವರು ಎಡವುವುದು ಇಲ್ಲೇ. ಹೆಸರಲ್ಲಿರುವ ವರ್ಷ ನಂಬಬೇಡಿ, ನಂಬರ್ ನೋಡಿ.

ಗೆಜೆಟ್‌ನಲ್ಲಿ ತಾರೀಖು ಹುಡುಕಿ

ಕೇಂದ್ರದ ಕಾಯ್ದೆಗಳು ಸರ್ಕಾರದ ಅಧಿಕೃತ ಪತ್ರಿಕೆಯಾದ ಭಾರತದ ಗೆಜೆಟ್‌ನ ಭಾಗ 2, ವಿಭಾಗ 1ರಲ್ಲಿ ಅಚ್ಚಾಗುತ್ತವೆ. ಇ-ಗೆಜೆಟ್ ತಾಣದಲ್ಲಿ ಸುಮ್ನೆ ಇಳಿಸಿಕೊಳ್ಳಬಹುದು. ಕಾಯ್ದೆಯ ಮೊದಲ ಸೆಕ್ಷನ್ ಓದಿ. "ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಹೇಳುವ ದಿನದಿಂದ ಜಾರಿ" ಎಂದಿದ್ದರೆ ಆ ಅಧಿಸೂಚನೆಯನ್ನೂ ಹುಡುಕಬೇಕು. ತಾರೀಖಿನ ಮಾತೇ ಇಲ್ಲದಿದ್ದರೆ ಅಂಕಿತ ಬಿದ್ದ ದಿನವೇ ಜಾರಿ. 1897ರ ಜನರಲ್ ಕ್ಲಾಸಸ್ ಆಕ್ಟ್ ಹಾಗೆ ಹೇಳುತ್ತದೆ.

ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಅಲ್ಲ. ದೆಹಲಿಯ ಬಾಡಿಗೆ ಕಾಯ್ದೆಗೆ 1995ರಲ್ಲೇ ಅಂಕಿತ ಬಿತ್ತು. ಜಾರಿಯ ಅಧಿಸೂಚನೆ ಬರಲೇ ಇಲ್ಲ. ಹಳೇ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬಂತು, ಆದರೆ 106(2) ಅನ್ನು ಹೊರಗಿಟ್ಟು. ಅಪಘಾತ ಮಾಡಿ ಓಡಿಹೋಗುವ ಚಾಲಕರಿಗೆ ಶಿಕ್ಷೆ ಹೆಚ್ಚಿಸಿದ್ದ ಉಪಸೆಕ್ಷನ್ ಅದು. ಲಾರಿ ಚಾಲಕರು ಮುಷ್ಕರ ಹೂಡಿದ್ದು ನೆನಪಿದೆ, ಅಲ್ವಾ? ಪುಸ್ತಕ ತೆರೆದರೆ ಆ ಸಾಲು ಕಾಣುತ್ತದೆ. ಆ ದಿನದ ಅಧಿಸೂಚನೆ ಮಾತ್ರ ಅದನ್ನು ಎಬ್ಬಿಸಲಿಲ್ಲ.

ನಮ್ಮ 66ಎ ಎದ್ದಿದ್ದು 2009ರ ಅಕ್ಟೋಬರ್ 27ರಂದು.

ಅಡಿಟಿಪ್ಪಣಿ ಬಿಡಬೇಡಿ

ತಿದ್ದುಪಡಿ ಕಾಯ್ದೆಯನ್ನು ಒಂಟಿಯಾಗಿ ಓದಿದರೆ ತಲೆಬುಡ ಅರ್ಥವಾಗುವುದಿಲ್ಲ. "ಈ ಪದದ ಜಾಗಕ್ಕೆ ಆ ಪದ ಹಾಕತಕ್ಕದ್ದು" ಎಂಬ ಸಾಲುಗಳೇ ಜಾಸ್ತಿ. ತಿದ್ದುಪಡಿಗಳನ್ನೆಲ್ಲ ಸೇರಿಸಿದ ಪಠ್ಯ ಸರ್ಕಾರದ ಇಂಡಿಯಾ ಕೋಡ್ ತಾಣದಲ್ಲಿದೆ. ಯಾವ ಸಾಲು ಯಾವಾಗ ಸೇರಿತು, ಯಾವಾಗ ಹೋಯಿತು ಎಂಬುದು ಅಡಿಟಿಪ್ಪಣಿಯ ಸಣ್ಣಕ್ಷರದಲ್ಲಿರುತ್ತದೆ. ಫುಟ್‌ಪಾತ್‌ನಲ್ಲಿ ಅರ್ಧ ಬೆಲೆಗೆ ಸಿಗುವ ಹಳೇ ಬೇರ್ ಆಕ್ಟ್ (ಕಾಯ್ದೆಯ ಪಠ್ಯವಷ್ಟೇ ಇರುವ ಪುಸ್ತಕ) ಕೊಳ್ಳಬೇಡಿ. ಹಳೇ ಪಂಚಾಂಗದಲ್ಲಿ ಈ ವರ್ಷದ ಹಬ್ಬ ಹುಡುಕಿದ ಹಾಗಾಗುತ್ತದೆ.

ಕೆಲವು ಕಾಯ್ದೆಗಳು ಕನ್ನಡದಲ್ಲೂ ಇವೆ. ರಾಷ್ಟ್ರಪತಿಗಳ ಅಧಿಕಾರದಡಿ ಗೆಜೆಟ್‌ನಲ್ಲಿ ಬಂದ ಅನುವಾದಕ್ಕೆ 1973ರ ಕಾಯ್ದೆಯೊಂದು ಅಧಿಕೃತ ಪಠ್ಯದ ಮಾನ್ಯತೆ ಕೊಟ್ಟಿದೆ. ಅದು ಯಾವ ತಿದ್ದುಪಡಿಯವರೆಗಿನದು ಎಂದು ಮಾತ್ರ ನೋಡಿಕೊಳ್ಳಿ.

ಕಡೆಗೆ ಕೋರ್ಟು

ನಿಜವಾದ ಕೆಲಸ ಇಲ್ಲಿದೆ. ಕಿರಿಕಿರಿ ಉಂಟುಮಾಡುವ ಮೆಸೇಜ್ ಕಳಿಸಿದರೂ ಮೂರು ವರ್ಷದವರೆಗೆ ಜೈಲು ಎನ್ನುತ್ತಿತ್ತು 66ಎ. ಕಿರಿಕಿರಿ ಎಂದರೇನು? ಅದನ್ನು ಎಲ್ಲೂ ಬಿಡಿಸಿ ಹೇಳಿರಲಿಲ್ಲ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಮುಂಬೈ ಬಂದ್ ಬಗ್ಗೆ ಬರೆದ ಒಂದು ಫೇಸ್‌ಬುಕ್ ಪೋಸ್ಟ್‌ಗಾಗಿ ಇಬ್ಬರು ಯುವತಿಯರು ಬಂಧನಕ್ಕೊಳಗಾದರು. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಸೆಕ್ಷನ್ ಪ್ರಶ್ನಿಸಿ ಅರ್ಜಿ ಹಾಕಿದ್ದ ಶ್ರೇಯಾ ಸಿಂಘಾಲ್ ಅವರ ಹೆಸರಿನ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ತೀರ್ಪು ಬಂತು.

ಆ ಒಂದೇ ತೀರ್ಪಿನಲ್ಲಿ ಮೂರು ಸೆಕ್ಷನ್‌ಗಳಿಗೆ ಮೂರು ಗತಿ. 66ಎ ಪೂರ್ತಿ ರದ್ದು. ವೆಬ್‌ಸೈಟ್ ತಡೆಯುವ 69ಎ ಹಾಗೇ ಉಳಿಯಿತು. 79(3)(ಬಿ) ಉಳಿಯಿತು, ಆದರೆ ಅರ್ಥ ಕಿರಿದಾಯಿತು. ಕಾನೂನುಬಾಹಿರ ವಿಷಯ ಇದೆ ಎಂದು "ತಿಳಿದ" ಮೇಲೆ ಫೇಸ್‌ಬುಕ್‌ನಂಥ ಕಂಪನಿ ಅದನ್ನು ತೆಗೆಯಬೇಕು ಎಂದಿತ್ತು ಆ ಸಾಲು. ಯಾರೋ ದೂರಿದರೆ ಸಾಲದು, ಕೋರ್ಟ್ ಆದೇಶ ಅಥವಾ ಸರ್ಕಾರದ ಸೂಚನೆ ಬಂದಾಗ "ತಿಳಿದಂತೆ" ಎಂದಿತು ಕೋರ್ಟು. ಸೆಕ್ಷನ್‌ನಲ್ಲಿ ಕೋರ್ಟ್ ಆದೇಶದ ಮಾತೇ ಇಲ್ಲ. ಕಾಯ್ದೆ ಮಾತ್ರ ಓದಿದವರಿಗೆ ಇದು ಗೊತ್ತಾಗುವುದೇ ಇಲ್ಲ.

ತೀರ್ಪು ಓದುವಾಗ ಎಷ್ಟು ನ್ಯಾಯಮೂರ್ತಿಗಳ ಪೀಠ ಎಂದು ಎಣಿಸಿ. ದೊಡ್ಡ ಪೀಠದ ಮಾತು ಸಣ್ಣ ಪೀಠದ ಮಾತಿಗಿಂತ ಮೇಲು. ಖಾಸಗಿತನ ಮೂಲಭೂತ ಹಕ್ಕಲ್ಲ ಎಂಬ ವಾದ 1954ರ ಎಂಟು ನ್ಯಾಯಮೂರ್ತಿಗಳ ಪೀಠವೊಂದರ ಮೇಲೆ ನಿಂತಿತ್ತು. ಅದನ್ನು ಕೆಡವಲು 2017ರಲ್ಲಿ ಒಂಬತ್ತು ಜನ ಕೂರಬೇಕಾಯಿತು. ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ತೀರ್ಪು ಸಿಕ್ಕಿತು ಅಂತ ಹುಡುಕಾಟ ನಿಲ್ಲಿಸಬೇಡಿ, ನಂತರದ ಆದೇಶಗಳನ್ನೂ ನೋಡಿ. ಕೋರ್ಟು ರದ್ದು ಮಾಡಬಹುದು, ಪುಸ್ತಕದಿಂದ ಅಳಿಸುವ ಕೆಲಸ ಸಂಸತ್ತಿನದು. 66ಎ ರದ್ದಾದ ಮೇಲೂ ಪೊಲೀಸರು ಕೇಸು ಹಾಕುತ್ತಲೇ ಇದ್ದರು. ಸೆಕ್ಷನ್ ಪುಸ್ತಕದಲ್ಲಿ ಪೂರ್ತಿ ಇದೆ, ರದ್ದಾಗಿದ್ದು ಅಡಿಟಿಪ್ಪಣಿಯಲ್ಲಷ್ಟೇ ಇದೆ ಎಂದು 2021ರಲ್ಲಿ ಕೇಂದ್ರ ಸರ್ಕಾರದ ಪ್ರಧಾನ ವಕೀಲರಾದ ಅಟಾರ್ನಿ ಜನರಲ್ ಅವರೇ ಕೋರ್ಟಿಗೆ ಹೇಳಿದರು. 2022ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟ್ ಇನ್ನೊಮ್ಮೆ ಹೇಳಬೇಕಾಯಿತು: 66ಎ ಅಡಿ ಯಾರ ಮೇಲೂ ಕೇಸು ನಡೆಸುವಂತಿಲ್ಲ. ಎಫ್‌ಐಆರ್‌ನಲ್ಲಿ ಆ ನಂಬರ್ ಕಂಡರೆ ತೋರಿಸಬೇಕಾದ್ದು ಈ ಆದೇಶ. ಜೊತೆಗೆ ಬೇರೆ ಸೆಕ್ಷನ್‌ಗಳಿದ್ದರೆ ಅವು ಮಾತ್ರ ಮುಂದುವರಿಯುತ್ತವೆ.